ಕುಯ್ದು ಮಾಡ್ತೀರೋ, ತೂತು ಹಾಕಿ ಮಾಡ್ತೀರೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವ ಮನೆಯಲ್ಲಾದರೂ ಆಪರೇಷನ್ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಇದೇ: ಕುಯ್ದು ಮಾಡ್ತಾರೋ, ತೂತು ಹಾಕಿ ಮಾಡ್ತಾರೋ? ಪ್ರಶ್ನೆ ಇವತ್ತು ನಿನ್ನೆಯದಲ್ಲ. ಪಿತ್ತಕೋಶವನ್ನು ದುರ್ಬೀನು ಹಾಕಿ ತೆಗೆಯುತ್ತಾರೆಂದು ಗಂಡಸರ ಕಿವಿಗೆ ಬೀಳುವುದಕ್ಕೆ ಎಷ್ಟೋ ಮೊದಲೇ ಹಳ್ಳಿಯ ಹೆಂಗಸರು ಕುಟುಂಬ ಯೋಜನೆಯ ಕ್ಯಾಂಪುಗಳಲ್ಲಿ ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡು ಬಂದಿದ್ದರು. ಗಾಯ ಸಣ್ಣದು, ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು ಎಂಬುದನ್ನು ಅವರು ಯಾವ ಜಾಹೀರಾತಿನಿಂದಲೂ ಕಲಿತದ್ದಲ್ಲ, ಮೈಯಿಂದ ಕಲಿತದ್ದು. ಕೂಲಿ ನಂಬಿದ ಮನೆಯಲ್ಲಿ ನಾಲ್ಕು ದಿನ ಮೊದಲು ಏಳುವುದೆಂದರೆ ನಾಲ್ಕು ದಿನದ ದುಡಿಮೆ. ಹಾಗಾಗಿ ಈ ಪ್ರಶ್ನೆಯನ್ನು ಕೇಳಿ ನಗುವ ಪಟ್ಟಣದ ಡಾಕ್ಟರುಗಳ ಬಗ್ಗೆ ನನಗೆ ಗೌರವವಿಲ್ಲ. ಅದು ಬುದ್ಧಿವಂತರ ಪ್ರಶ್ನೆ.

ಆದರೆ ಹೊಟ್ಟೆಯೊಳಗೆ ಒಂದು ಅಂಗವಿದೆ. ಅದರ ಮುಂದೆ ಈ ಪ್ರಶ್ನೆ ಸಾಲದು. ಮೇದೋಜೀರಕ ಗ್ರಂಥಿ ಅದರ ಹೆಸರು. ಡಾಕ್ಟರುಗಳ ಬಾಯಲ್ಲಿ ಪ್ಯಾಂಕ್ರಿಯಾಸ್.

ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ಇಂಥವನೇ ಎಂದು ಯಾರನ್ನೂ ಬೆರಳು ಮಾಡಿ ತೋರಿಸುತ್ತಿಲ್ಲ. ವಿಷಯ ಹೇಳಲು ಒಬ್ಬ ಮನುಷ್ಯ ಬೇಕು, ಅಷ್ಟೆ. ಅರವತ್ತರ ಆಸುಪಾಸು, ನಾಲ್ಕು ಎಕರೆ, ತಂಬಾಕು ಹದಮಾಡುವ ಒಂದು ಬ್ಯಾರನ್, ತಂಬಾಕು ಮಂಡಳಿಯ ಲೈಸೆನ್ಸು. ಮುಂಗಾರಿಗೆ ಸಸಿ ನೆಟ್ಟು, ಆಷಾಢ ಶ್ರಾವಣದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ರಾತ್ರಿಯೆಲ್ಲ ಬ್ಯಾರನ್ ಮುಂದೆ ಸೌದೆ ಒಟ್ಟುತ್ತಾ ಬೀಡಿ ಸೇದುವವನು. ಸೊಪ್ಪು ಬೆಳೆಯುವುದರಿಂದ ಈ ಕಾಯಿಲೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಸೇದುವುದರಿಂದ ಮೇದೋಜೀರಕದ ಕ್ಯಾನ್ಸರಿನ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಮಾತ್ರ ಖಚಿತ. ಈ ಸೀಮೆಯ ಹೆಂಚಿನ ಮನೆಗಳನ್ನು ತಾರಸಿ ಮನೆ ಮಾಡಿದ ಬೆಳೆಯೇ ಎಲ್ಲೋ ದೂರದವರ ಶ್ವಾಸಕೋಶಕ್ಕೂ ಮೇದೋಜೀರಕಕ್ಕೂ ಹೋಗಿ ಇಳಿಯುತ್ತದೆ ಎಂಬ ಇನ್ನೊಂದು ನೈತಿಕ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಅದು ಒಂದು ಪ್ರಬಂಧಕ್ಕೆ ಮುಗಿಯುವಂಥದ್ದಲ್ಲ.

ಈ ರೈತನಿಗೆ ಕಣ್ಣು ಹಳದಿಯಾಗುತ್ತದೆ. ನೋವಿಲ್ಲ. ಮೈಯೆಲ್ಲ ತುರಿಕೆ, ಮೂತ್ರ ಕಡುಬಣ್ಣ, ಮಲ ಮಾತ್ರ ಬಿಳಿಚಿಕೊಂಡಿದೆ. ಮನೆಯವರು ಕಾಮಾಲೆ ಎನ್ನುತ್ತಾರೆ. ಸರಿಯೇ, ಕಾಮಾಲೆಯೇ. ನಾಟಿ ಔಷಧಿ ಕುಡಿಸಿ, ಪಥ್ಯ ಹೇಳಿಸಿಕೊಂಡು ಬರುತ್ತಾರೆ. ವೈರಸ್ಸಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಔಷಧಿ ಕೊಟ್ಟವರಿಗೆ ಹೆಸರು ಬಂದಿರುತ್ತದೆ. ಅವರು ಮೋಸಗಾರರೇನಲ್ಲ, ತಮ್ಮ ಯಶಸ್ಸನ್ನು ತಾವೇ ನಂಬಿದವರು. ಆದರೆ ಇದು ಲಿವರಿನ ಕಾಮಾಲೆಯಲ್ಲ. ಮೇದೋಜೀರಕದ ತಲೆಯ ಭಾಗದಲ್ಲಿ ಗಡ್ಡೆ ಬೆಳೆದು, ಅದರೊಳಗೆ ಹಾದುಹೋಗುವ ಪಿತ್ತನಾಳವನ್ನು ಒತ್ತಿಹಿಡಿದಿದೆ. ಮೂರು ವಾರ ಹೋಗುತ್ತದೆ, ತೂಕ ಇಳಿಯುತ್ತದೆ. ಆಮೇಲೆ ಮೈಸೂರು, ಸ್ಕ್ಯಾನಿಂಗು. ಈ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಆಪರೇಷನ್ ಮಾಡುವ ಹಂತದಲ್ಲಿರುವವರು ನೂರಕ್ಕೆ ಹದಿನೈದಿಪ್ಪತ್ತು ಜನ. ನಮ್ಮ ರೈತ ಆ ಅದೃಷ್ಟವಂತರಲ್ಲಿ ಒಬ್ಬ ಎಂದಿಟ್ಟುಕೊಳ್ಳೋಣ. ಮಗ ಡಾಕ್ಟರ ಮುಂದೆ ಕೂತು ಕೇಳುತ್ತಾನೆ: "ಸಾರ್, ಅಪ್ಪಂಗೆ ಕುಯ್ದು ಮಾಡ್ತೀರೋ, ತೂತು ಹಾಕಿ ಮಾಡ್ತೀರೋ?"

ಡಾಕ್ಟರು ಏನು ಹೇಳಬೇಕು? ಅದಕ್ಕೆ ಮೊದಲು ಮಾಡುವುದೇನು ಎಂದು ತಿಳಿದಿರಬೇಕು.

ವಿಪ್ಪಲ್ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. 1935ರಲ್ಲಿ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ್ದರಿಂದ ಆ ಹೆಸರು; ಅದಕ್ಕೂ ಮೊದಲು 1909ರಲ್ಲೇ ಬರ್ಲಿನ್ನಿನಲ್ಲಿ ವಾಲ್ಟರ್ ಕೌಶ್ ಇಂಥದ್ದೊಂದನ್ನು ಮಾಡಿದ್ದ. ಮೇದೋಜೀರಕದ ತಲೆ, ಅದಕ್ಕೆ ಅಂಟಿಕೊಂಡ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಕೆಳತುದಿ, ಎಷ್ಟೋ ಸಲ ಜಠರದ ಒಂದು ತುಂಡು: ಇಷ್ಟನ್ನೂ ತೆಗೆಯಬೇಕು. ತೆಗೆಯುವುದು ಅರ್ಧ ಕೆಲಸ. ಉಳಿದ ಮೇದೋಜೀರಕವನ್ನೂ ಪಿತ್ತನಾಳವನ್ನೂ ಜಠರವನ್ನೂ ಮತ್ತೆ ಕರುಳಿಗೆ ಹೊಲಿಯಬೇಕು. ಮೂರು ಹೊಲಿಗೆಗಳಲ್ಲಿ ಮೇದೋಜೀರಕದ್ದೇ ದುಷ್ಟ. ಗ್ರಂಥಿ ಮೆತ್ತಗಿರುತ್ತದೆ, ದಾರ ಎಳೆದರೆ ಹರಿಯುತ್ತದೆ. ಹೊಲಿಗೆ ಸ್ವಲ್ಪ ಸೋರಿದರೂ ಒಳಗಿನ ಜೀರ್ಣರಸ ಪಕ್ಕದ ರಕ್ತನಾಳವನ್ನೇ ತಿನ್ನಲು ಶುರುಮಾಡುತ್ತದೆ. ನಾಲ್ಕೈದು ಗಂಟೆಗೆ ಕಡಿಮೆಯಿಲ್ಲದ ಕೆಲಸ. ಹೊಟ್ಟೆಯ ಗೋಡೆಯ ಗಾಯ ಎಷ್ಟುದ್ದ ಎಂಬುದು ಈ ಕೆಲಸದ ಅತಿ ಸುಲಭದ ಭಾಗ.

ಇದನ್ನು ತೂತುಗಳ ಮೂಲಕ ಮೊದಲು ಮಾಡಿ 1994ರಲ್ಲಿ ವರದಿ ಮಾಡಿದವರು ಕೆನಡಾದ ಮಿಶೆಲ್ ಗಾಗ್ನೆ ಮತ್ತು ಅಲ್ಫಾನ್ಸ್ ಪಾಂಪ್. ಮೊದಲಿಗರಾದವರು ಸಾಮಾನ್ಯವಾಗಿ ಡೋಲು ಬಾರಿಸಿಕೊಳ್ಳುತ್ತಾರೆ. ಇವರು ಮೂರು ವರ್ಷ ಬಿಟ್ಟು, 1997ರಲ್ಲಿ, ತಮ್ಮದೇ ಕೆಲಸ ಸಾರ್ಥಕವೇ ಎಂದು ಕೇಳುವ ಲೇಖನ ಬರೆದರು. ಹತ್ತು ಜನಕ್ಕೆ ಹಾಗೆ ಮಾಡಲು ಹೊರಟು ನಾಲ್ಕು ಜನರಲ್ಲಿ ನಡುವೆಯೇ ಹೊಟ್ಟೆ ತೆರೆಯಬೇಕಾಯಿತು. ಸರಾಸರಿ ಎಂಟೂವರೆ ಗಂಟೆ ಹಿಡಿಯಿತು. ರೋಗಿಗಳು ಸರಾಸರಿ 22 ದಿನ ಆಸ್ಪತ್ರೆಯಲ್ಲಿದ್ದರು. ಮಾಡಲು ಬರುತ್ತದೆ, ಲಾಭ ಕಾಣುತ್ತಿಲ್ಲ ಎಂದು ಮೊದಲು ಮಾಡಿದವರೇ ಹೇಳಿದರು. ಕೀರ್ತಿ ಕೈಗೆ ಬಂದ ಮೇಲೆ ಅದನ್ನು ಹೀಗೆ ತೂಗಿ ನೋಡುವವರು ಯಾವ ವೃತ್ತಿಯಲ್ಲೂ ಹೆಚ್ಚಿಲ್ಲ.

ಆಮೇಲೆ ಕಥೆ ನಮ್ಮ ನೆರೆಗೆ ಬರುತ್ತದೆ. ಮೈಸೂರಿನಿಂದ ಬಂಡೀಪುರ ಹಾಯ್ದು ಘಟ್ಟ ಇಳಿದರೆ ಸಿಗುವ ಕೊಯಮತ್ತೂರಿನ ಜೆಮ್ ಆಸ್ಪತ್ರೆಯಲ್ಲಿ ಸಿ. ಪಳನಿವೇಲು ಅವರ ತಂಡ ವರ್ಷಗಟ್ಟಲೆ ಈ ಕೆಲಸವನ್ನು ತೂತುಗಳ ಮೂಲಕ ಮಾಡಿ ಕೈ ಪಳಗಿಸಿಕೊಂಡಿತ್ತು. ಕುಯ್ಯುವುದು ಮೇಲೋ ತೂತು ಮೇಲೋ ಎಂದು ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಇವರದೇ ಮೊದಲನೆಯ ಸಾಲಿನದು, 2017ರಲ್ಲಿ ಪ್ರಕಟವಾಯಿತು. 268 ರೋಗಿಗಳಲ್ಲಿ ತಕ್ಕವರೆಂದು ಆಯ್ದವರು 64. ಆಸ್ಪತ್ರೆಯಲ್ಲಿ ಉಳಿದ ದಿನಗಳ ಮಧ್ಯಮಾಂಕ ಕುಯ್ದವರಲ್ಲಿ 13, ತೂತಿನವರಲ್ಲಿ 7. ಎರಡೂ ಕಡೆ ಒಂದೊಂದು ಸಾವು. ಇಷ್ಟನ್ನು ಓದಿದವರು ಮಗನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಳ್ಳುತ್ತಾರೆ.

ಎರಡೇ ವರ್ಷಕ್ಕೆ ನೆದರ್‌ಲ್ಯಾಂಡ್ಸ್‌ನಿಂದ ಇನ್ನೊಂದು ಉತ್ತರ ಬಂತು. ಲೆಪರ್ಡ್-2 ಎಂದು ಪ್ರಯೋಗದ ಹೆಸರು. ನಾಲ್ಕು ಆಸ್ಪತ್ರೆಗಳು, ಒಂದೊಂದರಲ್ಲೂ ವರ್ಷಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿಲ್ಲದ ವಿಪ್ಪಲ್ ಶಸ್ತ್ರಚಿಕಿತ್ಸೆ. ಡಾಕ್ಟರುಗಳಿಗೆ ಮೊದಲೇ ತರಬೇತಿ ಆಗಿತ್ತು, ತೂತಿನ ಮೂಲಕ ಕನಿಷ್ಠ ಇಪ್ಪತ್ತನ್ನು ಮಾಡಿದ ಅನುಭವವೂ ಇತ್ತು. ಯಾರೂ ಅವಸರದವರಲ್ಲ. ಇನ್ನೂ ಒಂದು ಕಟ್ಟುನಿಟ್ಟು: ರೋಗಿಗೆ ತನಗೆ ಕುಯ್ದರೋ ತೂತು ಹಾಕಿದರೋ ಗೊತ್ತಾಗದ ಹಾಗೆ ಹೊಟ್ಟೆಯ ಮೇಲೆ ದೊಡ್ಡ ಪಟ್ಟಿ ಹಾಕಿ ಮುಚ್ಚಿದ್ದರು. ಸಣ್ಣ ಗಾಯ ಎಂದು ಗೊತ್ತಾದ ಮನುಷ್ಯ ಆ ಧೈರ್ಯಕ್ಕೇ ಬೇಗ ಎದ್ದು ಕೂರುತ್ತಾನೆ. ಆ ಧೈರ್ಯವನ್ನು ಲೆಕ್ಕದಿಂದ ಕಳೆಯುವುದಕ್ಕೆ ಈ ಉಪಾಯ. ಪಟ್ಟಿಯ ಕೆಳಗೆ ಏನಿದೆ ಎಂದು ತಿಳಿಯದ ರೋಗಿಗಳು ಚೇತರಿಸಿಕೊಳ್ಳಲು ಹಿಡಿದದ್ದು ತೂತಿನ ಗುಂಪಿನಲ್ಲಿ 10 ದಿನ, ಕುಯ್ದ ಗುಂಪಿನಲ್ಲಿ 8.

ಅಷ್ಟೇ ಆಗಿದ್ದರೆ ಒಂದು ಒಣ ಲೇಖನವಾಗಿ ಮುಗಿಯುತ್ತಿತ್ತು. ತೊಂಬತ್ತು ದಿನದೊಳಗೆ ಆಪರೇಷನ್ನಿನ ತೊಡಕುಗಳಿಂದ ತೂತಿನ ಗುಂಪಿನ 50 ಜನರಲ್ಲಿ 5 ಜನ ತೀರಿಕೊಂಡರು, ಕುಯ್ದ ಗುಂಪಿನ 49ರಲ್ಲಿ ಒಬ್ಬರು. ಪ್ರಯೋಗದ ಮೇಲೆ ಕಣ್ಣಿಡಲೆಂದೇ ಇದ್ದ ಸಮಿತಿ, ನಿಲ್ಲಿಸಿ ಎಂದಿತು. ನಿಲ್ಲಿಸಿದರು. 2019ರಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಲೆಕ್ಕಶಾಸ್ತ್ರದ ಅಳತೆಗೋಲಿಟ್ಟು ನೋಡಿದರೆ 5 ಮತ್ತು 1ರ ಅಂತರ ಬರೀ ಆಕಸ್ಮಿಕವೂ ಇರಬಹುದು. ಪ್ರಯೋಗ ಮುಂದುವರಿದಿದ್ದರೆ ಸರಿಹೋಗುತ್ತಿತ್ತೋ ಏನೋ. ಮುಂದುವರಿಸಿ ಎನ್ನುವ ವಾದವೂ ಅಧರ್ಮವೇನಲ್ಲ: ಅರ್ಧಕ್ಕೆ ನಿಂತ ಪ್ರಯೋಗದಿಂದ ಜಗತ್ತಿಗೆ ಅರ್ಧ ಸತ್ಯ ಸಿಗುತ್ತದೆ, ಅದರಿಂದ ಮುಂದೆ ಎಷ್ಟು ಜನಕ್ಕೆ ಹಾನಿಯೋ ಯಾರು ಬಲ್ಲರು. ಈ ವಾದಕ್ಕೆ ಉತ್ತರ ಲೆಕ್ಕದಲ್ಲಿಲ್ಲ. ಮುಂದಿನ ಚೀಟಿ ಎತ್ತಬೇಕಾದ ರೋಗಿಯ ಮುಖದಲ್ಲಿದೆ. ಅವನಿಗೆ "ಎರಡೂ ಒಂದೇ ಎಂದು ನಮಗನ್ನಿಸುತ್ತದೆ" ಎಂದು ಹೇಳಿ ಸಹಿ ತೆಗೆದುಕೊಳ್ಳಬೇಕಲ್ಲ? ಆ ಮಾತನ್ನು ಮನಸ್ಸಾಕ್ಷಿಯಿಂದ ಹೇಳಲು ಬಾರದ ದಿನ ಪ್ರಯೋಗ ಮುಗಿದ ಹಾಗೆ. ಸಮಿತಿ ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ಅದಕ್ಕಿಂತ ಹೆಚ್ಚಿಗೆ ನನ್ನನ್ನು ತಡೆದು ನಿಲ್ಲಿಸುವುದು ಆ ಡಾಕ್ಟರುಗಳು ಐದು ಸಾವನ್ನು ಕಪಾಟಿನಲ್ಲಿಡದೆ ಜಗತ್ತಿನ ಮುಂದಿಟ್ಟದ್ದು.

ಕಾಕನಕೋಟೆಯ ಸೀಮೆಯವರಿಗೆ ಇದರ ತೂಕ ಗೊತ್ತಾಗಬೇಕು. ಇಲ್ಲಿ 1971ರವರೆಗೆ ಕಾಡಾನೆ ಹಿಡಿಯುವ ಖೆಡ್ಡಾ ನಡೆಯಿತು. ದೊರೆಗಳೂ ವೈಸ್‌ರಾಯ್‌ಗಳೂ ಕೂತು ನೋಡಿದ ಮಹಾ ತಮಾಷೆ. ಎಷ್ಟು ಆನೆ ಹಿಡಿದರು ಎಂಬುದನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಹಗ್ಗದ ಗಾಯ ಕೀವು ತುಂಬಿ, ಪಳಗಿಸುವ ಹೊತ್ತಿನಲ್ಲಿ ಮೇವು ಬಿಟ್ಟು ಸತ್ತ ಆನೆಗಳ ಸಂಖ್ಯೆ ಆ ಕಥೆಯೊಳಗೆ ಬರುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯ ಹೊಸ ಸಾಹಸಗಳನ್ನು ನಾವು ಕೇಳುವುದೂ ಬಹುಪಾಲು ಹೀಗೆಯೇ.

ಹಾಗಾದರೆ ಕೊಯಮತ್ತೂರು ಸರಿಯೋ, ನೆದರ್‌ಲ್ಯಾಂಡ್ಸ್ ಸರಿಯೋ? ಎರಡೂ ಸರಿ. ಒಂದೇ ಆಸ್ಪತ್ರೆಯಲ್ಲಿ ಒಂದೇ ಪಳಗಿದ ತಂಡ, ಆಯ್ದ ರೋಗಿಗಳಿಗೆ ಮಾಡಿದಾಗ ಬಂದ ಫಲಿತಾಂಶ ಅದು. ಇಪ್ಪತ್ತು ಮಾಡಿ ಕಲಿತವರು ನಾಲ್ಕು ಕಡೆ ಮಾಡಿದಾಗ ಬಂದದ್ದು ಇದು. 2021ರಲ್ಲಿ ಚೀನಾದ ಹದಿನಾಲ್ಕು ಆಸ್ಪತ್ರೆಗಳಿಂದ 656 ರೋಗಿಗಳ ದೊಡ್ಡ ಪ್ರಯೋಗ ಬಂತು. ಅಲ್ಲಿ ಸೇರಬೇಕಾದ ಡಾಕ್ಟರು ತೂತಿನ ವಿಪ್ಪಲ್ಲನ್ನು ಕನಿಷ್ಠ 104 ಸಲ ಮಾಡಿರಲೇಬೇಕೆಂಬ ನಿಯಮ. ಅಷ್ಟು ಕೈ ಪಳಗಿದ ಮೇಲೆ ಸಿಕ್ಕ ಲಾಭ: ಆಸ್ಪತ್ರೆಯಲ್ಲಿ 16 ದಿನದ ಬದಲು 15. ಒಂದು ದಿನ! ಆ ಒಂದು ದಿನ ಬೇಡವೆಂದಲ್ಲ. ಅದನ್ನು ಗಳಿಸಲು ಡಾಕ್ಟರು ಮೊದಲ 104 ಜನರ ಹೊಟ್ಟೆಯಲ್ಲಿ ಕಲಿತದ್ದಕ್ಕೆ ಬೆಲೆ ಕೊಟ್ಟವರು ಯಾರು ಎಂದು ಕೇಳುವವರು ಬೇಕು.

ಮೇದೋಜೀರಕದ ಬಾಲದ ಭಾಗದ ಗಡ್ಡೆಯಾದರೆ ಮಾತು ಬೇರೆ. ಅಲ್ಲಿ ಕತ್ತರಿಸಿ ಮುಚ್ಚುವುದಷ್ಟೇ, ಮತ್ತೆ ಕರುಳಿಗೆ ಜೋಡಿಸುವ ತಾಪತ್ರಯವಿಲ್ಲ. ಅದೇ ನೆದರ್‌ಲ್ಯಾಂಡ್ಸ್‌ನ ತಂಡಗಳು ಬಾಲದ ಭಾಗಕ್ಕೆ 108 ರೋಗಿಗಳಲ್ಲಿ ಹೋಲಿಸಿ ನೋಡಿದಾಗ ಚೇತರಿಕೆಗೆ ಆರು ದಿನದ ಬದಲು ನಾಲ್ಕೇ ದಿನ ಸಾಕಾಯಿತು. ಅಲ್ಲಿ ನಮ್ಮ ಹಳ್ಳಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಇನ್ನೊಂದು ಕಡೆಯೂ ಸಣ್ಣದು ಗೆದ್ದಿದೆ, ಅದು ನನಗೆ ಹೆಚ್ಚು ಇಷ್ಟವಾದ ಗೆಲುವು. ಹೆಂಡ ಹೆಚ್ಚಾಗಿಯೋ ಪಿತ್ತದ ಕಲ್ಲು ಜಾರಿಯೋ ಮೇದೋಜೀರಕ ಊದಿಕೊಂಡು, ಒಂದು ಭಾಗ ಸತ್ತು, ಅದಕ್ಕೆ ಸೋಂಕು ಹತ್ತುವುದುಂಟು. ಹಬ್ಬದ ಮಾರನೆಯ ದಿನ ಬೆನ್ನಿಗೆ ಚುಚ್ಚುವ ಹೊಟ್ಟೆನೋವೆಂದು ಬಂದು ಐಸಿಯು ಸೇರುವ ಮೂವತ್ತು, ಮೂವತ್ತೈದರ ಗಂಡಸರ ಬಗ್ಗೆ ಯಾವ ಜಿಲ್ಲೆಯ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಹಿಂದೆ ಹೊಟ್ಟೆ ತೆರೆದು ಸತ್ತದ್ದನ್ನೆಲ್ಲ ಬಾಚಿ ತೆಗೆಯುತ್ತಿದ್ದರು. 2010ರಲ್ಲಿ ಪ್ರಕಟವಾದ 88 ರೋಗಿಗಳ ಡಚ್ ಪ್ರಯೋಗವೊಂದು ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ ಎಂದಿತು: ಮೊದಲು ಚರ್ಮದ ಮೂಲಕ ಒಂದು ಟ್ಯೂಬು ಇಳಿಸಿ ಕೀವು ಹರಿಯಬಿಡುವುದು, ಸಾಲದಿದ್ದರೆ ಮುಂದಿನ ಹೆಜ್ಜೆ. ಟ್ಯೂಬೊಂದರಲ್ಲೇ ನೂರಕ್ಕೆ 35 ಜನಕ್ಕೆ ಗುಣವಾಯಿತು. ಸಾವು ಅಥವಾ ದೊಡ್ಡ ತೊಡಕು ನೂರಕ್ಕೆ 69ರಿಂದ 40ಕ್ಕೆ ಇಳಿಯಿತು. 2021ರ ಇನ್ನೊಂದು ಪ್ರಯೋಗದಲ್ಲಿ ಟ್ಯೂಬನ್ನೂ ತಡಮಾಡಿ ನೋಡಿದರು. ಕಾದವರಲ್ಲಿ ನೂರಕ್ಕೆ 39 ಜನಕ್ಕೆ ಬರೀ ಆಂಟಿಬಯೋಟಿಕ್ ಸಾಕಾಯಿತು. ಇಲ್ಲಿ ಸಣ್ಣದಾದದ್ದು ಬಾಗಿಲಲ್ಲ, ಒಳಗೆ ಮಾಡುವ ಕೆಲಸವೇ. ತೂತಿನ ವಿಪ್ಪಲ್ಲಿನಲ್ಲಿ ಬಾಗಿಲು ಚಿಕ್ಕದು, ಒಳಗೆ ಅದೇ ದೊಡ್ಡ ಕೆಲಸ. ಈ ಎರಡಕ್ಕೂ ಆಸ್ಪತ್ರೆಯ ಫಲಕದ ಮೇಲೆ ಒಂದೇ ಹೆಸರು ಇರುತ್ತದೆ. ರೋಬೋ ಬಂದ ಮೇಲಂತೂ ಫಲಕಗಳು ಇನ್ನೂ ದೊಡ್ಡವಾಗಿವೆ. ಸುಮ್ಮನೆ ಕಾಯುವ ಡಾಕ್ಟರ ಫೋಟೋವನ್ನು ಯಾರೂ ಫಲಕಕ್ಕೆ ಏರಿಸುವುದಿಲ್ಲ.

ನಮ್ಮ ರೈತನ ವಿಷಯಕ್ಕೆ ಬರೋಣ. ಅವನ ಮಗ ಕೇಳಬೇಕಾದ ಪ್ರಶ್ನೆ ಯಾವುದೆಂದು 2002ರ ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ಜಾನ್ ಬರ್ಕ್‌ಮೇಯರ್ ಮತ್ತು ಸಂಗಡಿಗರು ಅಲ್ಲಿನ ಹಿರಿಯ ವಯಸ್ಸಿನ ರೋಗಿಗಳ ದಾಖಲೆ ತೆಗೆದು ನೋಡಿದರು. ಮೇದೋಜೀರಕದ ಶಸ್ತ್ರಚಿಕಿತ್ಸೆಯನ್ನು ತೀರ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ನೂರಕ್ಕೆ 16 ಜನ ಸತ್ತಿದ್ದರು, ಅತಿ ಹೆಚ್ಚು ಮಾಡುವ ಕಡೆ 4ಕ್ಕಿಂತ ಕಡಿಮೆ. ಅದು ತೂತಿನ ಕಾಲವೂ ಅಲ್ಲ. ಕುಯ್ದರೂ ತೂತು ಹಾಕಿದರೂ ಬದುಕಿಸುವುದು ಅದನ್ನೇ ದಿನವೂ ಮಾಡುವ ಕೈ. ಆ ಕೈಯ ಜೊತೆಗೆ ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ಶುರುವಾದರೆ ಓಡಿಬರುವ ಐಸಿಯು ಮತ್ತು ರೇಡಿಯಾಲಜಿಯವರು.

ಇದರಿಂದ ಹುಟ್ಟುವ ಸಂಕಟ ಎಚ್.ಡಿ. ಕೋಟೆಯಂಥ ತಾಲ್ಲೂಕಿಗೇ ಹೆಚ್ಚು. ಹತ್ತಿರದಲ್ಲಿ ಆಸ್ಪತ್ರೆ ಬೇಕೆಂದು ಇಲ್ಲಿನವರು ತಲೆಮಾರಿನಿಂದ ಕೇಳುತ್ತಾ ಬಂದಿದ್ದಾರೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಜೊತೆ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಾಡಂಚಿನ ಹಾಡಿಗಳಿಗೆ ಬಂತು; ಕೆಂಚನಹಳ್ಳಿ, ಸರಗೂರುಗಳಲ್ಲಿ ಅದರ ಆಸ್ಪತ್ರೆಗಳಾದವು. ಹೆರಿಗೆಗೆ, ಹಾವು ಕಡಿತಕ್ಕೆ, ಕ್ಷಯಕ್ಕೆ ಹತ್ತಿರವೇ ಧರ್ಮ. ವಿಪ್ಪಲ್ಲಿಗೆ ಮಾತ್ರ ಹತ್ತಿರ ಎಂಬುದು ಅಪಾಯ. ಕೆಲವೇ ಕಡೆ, ಹೆಚ್ಚು ಹೆಚ್ಚು ಮಾಡುವ ಕಡೆ, ಅದು ನಡೆಯಬೇಕು. ಆದರೆ ದೂರದ ಬೆಲೆ ಯಾರ ಮೇಲೆ ಬೀಳುತ್ತದೆ? ಡಿ.ಬಿ. ಕುಪ್ಪೆಯ ಜೇನುಕುರುಬರವನನ್ನು ಬೆಂಗಳೂರಿಗೆ ಹೋಗು ಎನ್ನುವುದು ಲೆಕ್ಕದಲ್ಲಿ ಸರಿ. ಜೊತೆಗೆ ಬಂದವರು ಎಲ್ಲಿ ಮಲಗಬೇಕು, ಹದಿನೈದು ದಿನ ಏನು ತಿನ್ನಬೇಕು? 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಕೊಡುತ್ತದೆ. ರೋಗಿಯ ಬೆನ್ನಿಗೆ ನಿಂತವರ ಊಟ, ವಸತಿ, ತಪ್ಪಿದ ಕೂಲಿಯೂ ಚಿಕಿತ್ಸೆಯ ಖರ್ಚೇ ಎಂದು ಸರಕಾರ ಒಪ್ಪಿಕೊಳ್ಳದೆ ದೂರ ಕಳಿಸುವ ನೀತಿ ನ್ಯಾಯವಾಗುವುದಿಲ್ಲ.

ಯೋಜನೆಯ ದುಡ್ಡು ಪಡೆಯುವ ಪ್ರತಿ ಆಸ್ಪತ್ರೆಯೂ ಕಳೆದ ವರ್ಷ ಎಷ್ಟು ಮೇದೋಜೀರಕದ ಶಸ್ತ್ರಚಿಕಿತ್ಸೆ ಮಾಡಿತು, ಎಷ್ಟು ಜನ ತೊಂಬತ್ತು ದಿನದ ಮೇಲೆ ಬದುಕಿದ್ದರು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಚ್ಚಲಿ. ಇದೇ ರೈತ ತಂಬಾಕು ಹರಾಜಿಗೆ ಹೋದಾಗ ತನ್ನ ಬೇಲಿನ ತೂಕ, ಗ್ರೇಡು, ಕಂಪನಿ ಕೂಗಿದ ದರ ಎಲ್ಲವನ್ನೂ ನೋಡುತ್ತಾನೆ, ಒಪ್ಪಿಗೆಯಾಗದಿದ್ದರೆ ಜಗಳ ತೆಗೆಯುತ್ತಾನೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತುತ್ತಾನೆ. ಅವನಿಗೆ ಕೇಳಲು ಬರುವುದಿಲ್ಲ ಎಂದಲ್ಲ. ಕೇಳಬಹುದು ಎಂದು ಯಾರೂ ಹೇಳಿಲ್ಲ.

ಇನ್ನು ಕಷ್ಟದ ಗಂಟು. ಎಲ್ಲ ಮಕ್ಕಳೂ ಈ ಲೆಕ್ಕ ಕೇಳತೊಡಗಿದರೆ ಕಲಿಯುವ ಡಾಕ್ಟರ ಮುಂದೆ ಯಾರು ಮಲಗುತ್ತಾರೆ? ಯಾರೂ ಮಲಗದಿದ್ದರೆ ಇಪ್ಪತ್ತು ವರ್ಷದ ಮೇಲೆ ಮೈಸೂರಿನಲ್ಲಿ ಈ ಕೆಲಸ ಬಲ್ಲವರೇ ಇರುವುದಿಲ್ಲ. ಇದಕ್ಕೆ ಸುಳ್ಳು ಉತ್ತರವೊಂದು ಬಹಳ ಕಾಲದಿಂದ ಚಾಲ್ತಿಯಲ್ಲಿದೆ: ಕೇಳದವರ ಮೇಲೆ ಕಲಿಯುವುದು. ಕೇಳದವರು ಎಂದರೆ ಬಡವರು, ಹಾಡಿಯವರು, ಇಂಗ್ಲಿಷಿನ ಒಪ್ಪಿಗೆ ಪತ್ರ ಓದಲಾರದವರು. ಅದಕ್ಕಿಂತ ಬೇರೆ ದಾರಿ ಇಲ್ಲದಿಲ್ಲ. ಮೊದಲು ಬಾಲದ ಭಾಗದಲ್ಲಿ ಕೈ ಪಳಗಿಸಿಕೊಳ್ಳುವುದು. ಕುಯ್ದು ಮಾಡುವ ವಿಪ್ಪಲ್ಲನ್ನು ಚೆನ್ನಾಗಿ ಬಲ್ಲವರಾದ ಮೇಲಷ್ಟೇ ತೂತಿಗೆ ಕೈಹಾಕುವುದು. ಪಕ್ಕದಲ್ಲಿ ಬಲ್ಲವರನ್ನು ನಿಲ್ಲಿಸಿಕೊಳ್ಳುವುದು. ಕಷ್ಟವೆನಿಸಿದ ಗಳಿಗೆ ನಾಚದೆ ಹೊಟ್ಟೆ ತೆರೆಯುವುದು.

ಈ ಕೊನೆಯದು ನಮ್ಮ ಕಡೆಯಿಂದಲೂ ಆಗಬೇಕಾದ್ದು. ನಡುವೆ ಹೊಟ್ಟೆ ತೆರೆದ ಡಾಕ್ಟರನ್ನು ಮನೆಯವರು ಸೋತವರೆಂದು ಬಗೆಯುತ್ತಾರೆ. "ತೂತು ಅಂದ್ರು, ಕೊನೆಗೆ ಕುಯ್ದೇಬಿಟ್ರು" ಎಂಬ ಮಾತು ಬಸ್ಸಿನಲ್ಲಿ ಊರು ತಲುಪುವುದಕ್ಕೆ ಮೊದಲು ಫೋನಿನಲ್ಲಿ ತಲುಪಿರುತ್ತದೆ. ಆ ಮಾತಿನ ಹೆದರಿಕೆಗೆ ಒಬ್ಬ ಡಾಕ್ಟರು ಇನ್ನರ್ಧ ಗಂಟೆ ತೂತಿನಲ್ಲೇ ತಿಣುಕಿದರೆ ಅದರಲ್ಲಿ ನಮ್ಮ ಪಾಲೂ ಇದೆ.

ಹಾಗಾಗಿ ಡಾಕ್ಟರು ಮಗನಿಗೆ ಮೊದಲೇ ಹೀಗೆ ಹೇಳಿಬಿಡಲಿ: "ನೋಡಪ್ಪ, ಕುಯ್ದು ಮಾಡೋದನ್ನ ಬಹಳ ವರ್ಷದಿಂದ ಮಾಡ್ತಿದೀನಿ. ತೂತು ಹಾಕಿ ಮಾಡಿರೋದು ಹನ್ನೊಂದು, ನಿಮ್ಮಪ್ಪಂದು ಹನ್ನೆರಡನೇದಾಗುತ್ತೆ. ನನಗೆ ಕಲಿಸಿದೋರು ಪಕ್ಕದಲ್ಲೇ ಇರ್ತಾರೆ. ಮಧ್ಯದಲ್ಲಿ ಸರಿಯಿಲ್ಲ ಅನ್ನಿಸಿದ್ರೆ ಕುಯ್ದುಬಿಡ್ತೀನಿ, ಆಗ ಸಿಟ್ಟು ಮಾಡ್ಕೋಬೇಡ."

"ಆ ಹನ್ನೊಂದು ಜನದಲ್ಲಿ ಎಷ್ಟು ಜನ ಮನೆಗೋದ್ರು ಸಾರ್?"

"ಹತ್ತು ಜನ."

ಮಗ ಹೊರಗೆ ಹೋಗಿ ಚಿಕ್ಕಪ್ಪಂದಿರನ್ನು, ಅಕ್ಕನ ಗಂಡನನ್ನು ಕೇಳಲಿ. ಕುಯ್ದೇ ಮಾಡಿ ಸಾರ್ ಎನ್ನಬಹುದು, ನಿಮ್ಮ ಇಷ್ಟ ಎನ್ನಬಹುದು, ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗ್ತೀವಿ ಎನ್ನಬಹುದು. ಹೋಗುತ್ತೇನೆಂದರೆ ಡಾಕ್ಟರು ಮುಖ ಗಂಟಿಕ್ಕದೆ ಅವತ್ತೇ ರೆಫರಲ್ ಚೀಟಿ, ಸ್ಕ್ಯಾನಿಂಗ್ ಸಿ.ಡಿ., ರಕ್ತದ ರಿಪೋರ್ಟು ಎಲ್ಲ ಕೈಗೆ ಕೊಟ್ಟು, ಆ ಕಡೆಯ ಡಾಕ್ಟರಿಗೆ ತಾವೇ ಫೋನ್ ಮಾಡಲಿ. ನಾಟಿ ಔಷಧಿಗೆ ಆಗಲೇ ಮೂರು ವಾರ ಹೋಗಿದೆ.